ತೂಗುವ ದೋಣಿಯಲ್ಲಿ ಉಪಕರಣಕ್ಕೊಂದು ಪೀಠ

1761ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ ‘ಡೆಪ್ಟ್‌ಫರ್ಡ್’ ಎಂಬ ಬ್ರಿಟಿಷ್ ಹಡಗು ಇಂಗ್ಲೆಂಡಿನಿಂದ ಜಮೈಕಾ ದ್ವೀಪಕ್ಕೆ ಹೊರಟಿತು. ಜಾನ್ ಹ್ಯಾರಿಸನ್ ನಿರ್ಮಿಸಿದ ನಾಲ್ಕನೆಯ ಕಾಲಮಾಪಕವು ಆ ಹಡಗಿನಲ್ಲಿತ್ತು. ಆಕಾರದಲ್ಲಿ ಅದು ದೊಡ್ಡದೊಂದು ಜೇಬುಗಡಿಯಾರ. ವ್ಯಾಸ ಸುಮಾರು 13 ಸೆಂಟಿಮೀಟರು, ತೂಕ ಸುಮಾರು ಒಂದೂವರೆ ಕಿಲೋಗ್ರಾಂ. ಹ್ಯಾರಿಸನ್ನನ ಮಗ ವಿಲಿಯಂ ಅದರ ಕಾವಲಿಗೆ ಜೊತೆಯಲ್ಲಿ ಹೋದನು. ಮೊದಲೇ ಗೊತ್ತುಪಡಿಸಿದ್ದ ದೈನಿಕ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದರೆ, 81 ದಿನಗಳಲ್ಲಿ ಅದು ಹಿಂದೆ ಬಿದ್ದುದು ಸುಮಾರು 5 ಸೆಕೆಂಡು ಮಾತ್ರ. ಭೂಮಧ್ಯರೇಖೆಯ ಮೇಲೆ ಐದು ಸೆಕೆಂಡೆಂದರೆ ಸುಮಾರು 2.3 ಕಿಲೋಮೀಟರು. ಸಾಗರದ ನಡುವೆ ತನ್ನ ರೇಖಾಂಶವನ್ನು ಇಷ್ಟು ನಿಖರವಾಗಿ ಅರಿಯುವ ಭಾಗ್ಯ ಅಂದಿನವರೆಗೆ ಯಾವ ನಾವಿಕನಿಗೂ ಇರಲಿಲ್ಲ.

ಈ ಕಥೆಯನ್ನು ಅನೇಕ ವಾಚಕರು ಓದಿರಬಹುದು. ಆದರೆ ಆ ಗಡಿಯಾರವನ್ನು ಹಡಗಿನಲ್ಲಿ ಯಾವುದರ ಮೇಲೆ ಇಟ್ಟಿದ್ದರು ಎಂದು ಕೇಳುವವರು ಕಡಿಮೆ. ಅದನ್ನು ಇಟ್ಟಿದ್ದುದು ಒಂದು ಪೆಟ್ಟಿಗೆಯಲ್ಲಿ, ಮೆತ್ತನೆಯ ದಿಂಬಿನ ಮೇಲೆ! ಹಡಗಿನ ದಿಕ್ಸೂಚಿಯನ್ನಾದರೋ ಆ ಕಾಲದಲ್ಲಿಯೂ ಒಂದರೊಳಗೊಂದು ತಿರುಗುವ ಎರಡು ಬಳೆಗಳ ನಡುವೆ ತೂಗುಬಿಡುತ್ತಿದ್ದರು. ಒಂದು ಬಳೆಯ ಅಚ್ಚು ಹಡಗಿನ ಉದ್ದಕ್ಕೆ, ಇನ್ನೊಂದರ ಅಚ್ಚು ಅಡ್ಡಕ್ಕೆ. ಆದುದರಿಂದ ಹಡಗು ಯಾವ ಕಡೆಗೆ ವಾಲಿದರೂ ಕೆಳಭಾಗ ಭಾರವಾಗಿರುವ ದಿಕ್ಸೂಚಿಯು ಸಮತಲದಲ್ಲಿಯೇ ನಿಲ್ಲುತ್ತದೆ. ಈ ಏರ್ಪಾಡಿಗೆ 16ನೆಯ ಶತಮಾನದ ಇಟಲಿಯ ಗಣಿತಜ್ಞ ಕಾರ್ಡಾನೋನ ಹೆಸರು ಅಂಟಿಕೊಂಡಿದೆ. ಆದರೆ ಅವನಿಗಿಂತ ಬಹುಕಾಲ ಹಿಂದೆಯೇ ಚೀನದೇಶದವರು ಹಾಸಿಗೆಯಲ್ಲಿ ಉರುಳಿದರೂ ಕೆಂಡ ಚೆಲ್ಲದ ಧೂಪಕರಂಡಕಗಳನ್ನು ಇದೇ ತತ್ತ್ವದ ಮೇಲೆ ಮಾಡುತ್ತಿದ್ದರು. ಹ್ಯಾರಿಸನ್ನನಿಗೆ ಬಳೆಗಳು ಹಿಡಿಸಲಿಲ್ಲ, ದಿಂಬು ಹಿಡಿಸಿತು. ಅವನ ಬಳಿಕ ಬಂದ ಗಡಿಯಾರ ತಯಾರಕರು ಮತ್ತೆ ಬಳೆಗಳಿಗೇ ಹಿಂದಿರುಗಿದರು. ಯಾರ ಆಯ್ಕೆ ಸರಿಯೆಂಬುದು ಹಾಗಿರಲಿ. ಉಪಕರಣವನ್ನು ಹಿಡಿದಿಡುವ ಪೀಠವೂ ಉಪಕರಣದ ಒಂದು ಅಂಗವೆಂಬುದನ್ನು ಇಬ್ಬರೂ ಅರಿತಿದ್ದರು.

ಇಂದು ಎಂಟೊಂಬತ್ತು ಮೀಟರು ಉದ್ದದ ಒಂದು ಸಣ್ಣ ಹಾಯಿದೋಣಿಯಲ್ಲಿ ಕೂಡ ಕೃತಕ ಉಪಗ್ರಹಗಳಿಂದ ಸ್ಥಾನವನ್ನು ಅರಿತು ಅದನ್ನು ಸಮುದ್ರದ ನಕಾಶೆಯ ಮೇಲೆ ತೋರಿಸುವ ಪರದೆಯುಂಟು. ಇದಕ್ಕೆ ಚಾರ್ಟ್‌ಪ್ಲಾಟರ್ ಎಂದು ಹೆಸರು. ನೀರಿನ ಆಳವನ್ನು ಅಳೆಯುವ ಯಂತ್ರವುಂಟು, ರೇಡಿಯೋ ಉಂಟು, ದೋಣಿಯ ಮೂತಿ ಎತ್ತ ತಿರುಗಿದೆಯೆಂದು ತಿಳಿಸುವ ವಿದ್ಯುತ್ ದಿಕ್ಸೂಚಿಯುಂಟು. ಇವನ್ನೆಲ್ಲ ಹಣ ಕೊಟ್ಟು ಕೊಳ್ಳಬಹುದು. ಆದರೆ ಯಾವ ಎರಡು ಹಾಯಿದೋಣಿಗಳ ಒಳಗಿನ ಅಳತೆಗಳೂ ಒಂದೇ ಆಗಿರುವುದಿಲ್ಲವಾದ್ದರಿಂದ, ಇವುಗಳ ಪೀಠವನ್ನು ಮಾತ್ರ ದೋಣಿಯವನು ತಾನೇ ಅಳೆದು, ಕೊಯ್ದು, ಕೊರೆದು ಮಾಡಿಕೊಳ್ಳಬೇಕಾಗುತ್ತದೆ. ನೋಡುವುದಕ್ಕೆ ಇದು ಬಡಗಿಯ ಕೆಲಸ. ಕೈಹಾಕಿ ನೋಡಿದರೆ ಭೌತಶಾಸ್ತ್ರದ ಪಠ್ಯಪುಸ್ತಕದ ಅರ್ಧ ಅಧ್ಯಾಯಗಳು ಅದರಲ್ಲಿ ಅಡಗಿರುವುದು ಕಂಡುಬರುತ್ತದೆ.

ಎಲ್ಲಿ ಇಡಬೇಕು?

ಮೊದಲು ಒಂದು ಭೇದವನ್ನು ಗಮನಿಸೋಣ. ಕೆಲವು ಉಪಕರಣಗಳು ತೋರಿಸತಕ್ಕವು, ಕೆಲವು ಗ್ರಹಿಸತಕ್ಕವು. ತೋರಿಸುವ ಪರದೆ ಮನುಷ್ಯನ ಕಣ್ಣಿಗೆ ಅನುಕೂಲವಾದ ಸ್ಥಳದಲ್ಲಿರಬೇಕು. ಗ್ರಹಿಸುವ ಉಪಕರಣ ತಾನು ಗ್ರಹಿಸುವ ವಸ್ತುವಿಗೆ ಅನುಕೂಲವಾದ ಸ್ಥಳದಲ್ಲಿರಬೇಕು. ಉಪಗ್ರಹಗಳ ಸಂಕೇತವನ್ನು ಹಿಡಿಯುವ ಆಂಟೆನಾ ಎಷ್ಟು ಎತ್ತರದಲ್ಲಿದ್ದರೆ ಅಷ್ಟು ಒಳ್ಳೆಯದೆಂದು ಹೊಸಬರು ಭಾವಿಸುತ್ತಾರೆ. ಸಂಕೇತವು 20,200 ಕಿಲೋಮೀಟರು ಎತ್ತರದಿಂದ ಇಳಿದುಬರುತ್ತಿರುವಾಗ ಹತ್ತು ಮೀಟರುಗಳ ಹೆಚ್ಚಳದಿಂದ ಏನು ಲಾಭ? ಲಾಭವಿಲ್ಲದಿದ್ದರೆ ಹೋಗಲಿ, ನಷ್ಟವೇ ಉಂಟು. 12 ಮೀಟರು ಎತ್ತರದ ಕೂವೆಮರ 20 ಡಿಗ್ರಿ ವಾಲಿದರೆ ಅದರ ತುದಿ ಪಕ್ಕಕ್ಕೆ 4 ಮೀಟರು ಸರಿಯುತ್ತದೆ. ಮರುಗಳಿಗೆಯಲ್ಲಿ ಇನ್ನೊಂದು ಪಕ್ಕಕ್ಕೆ ಬೀಸುತ್ತದೆ. ಆ ಬೀಸಾಟವೂ ದೋಣಿಯ ವೇಗವೇ ಎಂದು ಉಪಕರಣವು ಎಣಿಸುತ್ತದೆ. ಆದುದರಿಂದ ಆಂಟೆನಾಕ್ಕೆ ದೋಣಿಯ ಹಿಂಭಾಗದ ಗಿಡ್ಡ ಕಟಕಟೆಯೇ ಸಾಕು. ಅದರ ಮೇಲೆ ಲೋಹದ ಹೊದಿಕೆ ಇರಬಾರದು. ಬಟ್ಟೆಯಾಗಲಿ ಫೈಬರ್‌ಗ್ಲಾಸ್ ಆಗಲಿ ಇದ್ದರೆ ಅಡ್ಡಿಯಿಲ್ಲ.

ವಿದ್ಯುತ್ ದಿಕ್ಸೂಚಿಯ ನಿಯಮ ಬೇರೆ. ಅದು ದೋಣಿಯ ನಡುವಿನಲ್ಲಿ, ತಗ್ಗಿನಲ್ಲಿ, ಎಂಜಿನ್ನಿನಿಂದಲೂ ಕಬ್ಬಿಣದಿಂದಲೂ ದೂರವಾಗಿ, ದೋಣಿಯ ಉದ್ದಕ್ಕೆ ಸರಿಯಾಗಿ ಅಚಲವಾಗಿರಬೇಕು. ಅದನ್ನು ತಿರುಗುವ ಪೀಠದ ಮೇಲೆ ಜೋಡಿಸಿಬಿಟ್ಟರೆ, ಪೀಠವನ್ನು ಕೈಯಿಂದ ತಳ್ಳಿದಾಗಲೆಲ್ಲ ದೋಣಿಯೇ ತಿರುಗಿತೆಂದು ಅದು ವರದಿಮಾಡುತ್ತದೆ! ಸ್ವಯಂಚಾಲಿತ ಚುಕ್ಕಾಣಿಯು ಆ ವರದಿಯನ್ನು ನಂಬಿ ದೋಣಿಯನ್ನು ನಿಜವಾಗಿಯೂ ತಿರುಗಿಸುತ್ತದೆ.

ಇನ್ನು ಪರದೆ. ಚುಕ್ಕಾಣಿಯ ಹಿಡಿಯನ್ನು ಹಿಡಿದವನು ದೋಣಿಯ ಹಿಂಬದಿಯ ತಗ್ಗಿನಲ್ಲಿ, ಮಳೆಗೂ ಅಲೆಗೂ ಮೈಯೊಡ್ಡಿ ಕುಳಿತಿರುತ್ತಾನೆ. ನಕಾಶೆಯ ಮೇಜು ಒಳಗೆ ಕೊಠಡಿಯಲ್ಲಿರುತ್ತದೆ. ಪರದೆ ಎರಡೂ ಕಡೆಗೆ ಕಾಣಬೇಕು. ಇದಕ್ಕಾಗಿ ನಾವಿಕರು ಬಹಳ ಕಾಲದಿಂದ ಅನುಸರಿಸುತ್ತಿರುವ ಸೊಗಸಾದ ಉಪಾಯವೊಂದಿದೆ. ಕೊಠಡಿಗೆ ಇಳಿಯುವ ಬಾಗಿಲಿನ ಒಳಪಕ್ಕದಲ್ಲಿ, ಬಾಗಿಲಿನಂತೆಯೇ ಕೀಲಿನ ಮೇಲೆ ತಿರುಗುವ ಒಂದು ತೋಳು. ತೋಳಿನ ತುದಿಯಲ್ಲಿ ಪರದೆ. ಹೊರಕ್ಕೆ ತಿರುಗಿಸಿದರೆ ಚುಕ್ಕಾಣಿಗನಿಗೆ ಕಾಣುತ್ತದೆ, ಒಳಕ್ಕೆ ತಿರುಗಿಸಿದರೆ ಮೇಜಿನ ಬಳಿಯವನಿಗೆ. ಅಲೆ ಬಂದಾಗ ಒಳಗೆಳೆದು ಬಾಗಿಲು ಹಾಕಬಹುದು. ದೋಣಿಯನ್ನು ಬಿಟ್ಟು ಮನೆಗೆ ಹೋಗುವಾಗ ಕಳ್ಳನ ಕಣ್ಣಿಗೂ ಬೀಳುವುದಿಲ್ಲ. ಇಂತಹ ಒಂದು ತೋಳನ್ನು ನಾವೇ ಮಾಡುತ್ತಿದ್ದೇವೆಂದು ಭಾವಿಸೋಣ.

ಮೊದಲ ತೋಳನ್ನು ರಟ್ಟಿನಿಂದ ಮಾಡುವುದೇ ಜಾಣತನ. ಪರದೆಯಷ್ಟೇ ದೊಡ್ಡ ರಟ್ಟನ್ನು ಅಲ್ಲಿ ಕಟ್ಟಿ, ಚುಕ್ಕಾಣಿಯ ಬಳಿ ಎರಡೂ ಮಗ್ಗುಲಲ್ಲಿ ಕುಳಿತು, ಎದ್ದು, ಬಾಗಿಲಲ್ಲಿ ಹತ್ತಿ ಇಳಿದು ನೋಡಬೇಕು. ಭುಜಕ್ಕೆ ತಾಗುವ ರಟ್ಟು ಮಡಚಿಕೊಳ್ಳುತ್ತದೆ, ಭುಜಕ್ಕೆ ತಾಗುವ ಲೋಹ ಮಡಚಿಕೊಳ್ಳುವುದಿಲ್ಲ. ಆಮೇಲೆ ನಿಜವಾದ ಪರದೆಯನ್ನು ಹಚ್ಚಿ, ಬಿಸಿಲ ಕನ್ನಡಕ ಹಾಕಿಕೊಂಡು ನೋಡಿರಿ. ಧ್ರುವೀಕರಿಸುವ ಕನ್ನಡಕದೊಳಗಿಂದ ಕೆಲವು ದ್ರವಸ್ಫಟಿಕ ಪರದೆಗಳು ಒಂದು ಕೋನದಲ್ಲಿ ಪೂರ್ತಿಯಾಗಿ ಕಪ್ಪಾಗುತ್ತವೆ. ಇದು ಬೋಲ್ಟು ಬಿಗಿದ ಮೇಲೆ ತಿಳಿದರೆ ಪ್ರಯೋಜನವಿಲ್ಲ.

ಭಾರ, ಸನ್ನೆ ಮತ್ತು ಎಡವುವ ಮನುಷ್ಯ

ಪರದೆಯ ಮತ್ತು ಅದರ ಚೌಕಟ್ಟಿನ ತೂಕ 2 ಕಿಲೋಗ್ರಾಂ, ತೋಳಿನ ಉದ್ದ 40 ಸೆಂಟಿಮೀಟರು ಇರಲಿ. ದೋಣಿ ಅಲೆಯ ನೆತ್ತಿಯಿಂದ ಧೊಪ್ಪನೆ ಬಿದ್ದಾಗ ಈ ತೂಕ ಐದು ಪಟ್ಟು ಆಯಿತೆಂದು ಇಟ್ಟುಕೊಳ್ಳೋಣ. ಆಗ ತುದಿಯಲ್ಲಿ 100 ನ್ಯೂಟನ್ ಬಲ. ಕೀಲಿನ ಬಳಿ ಅದರ ಭ್ರಾಮಕ 40 ನ್ಯೂಟನ್-ಮೀಟರು. ಕೀಲನ್ನು ಗೋಡೆಗೆ ಹಿಡಿದಿರುವ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವಣ ಅಂತರ 10 ಸೆಂಟಿಮೀಟರಾದರೆ ಮೇಲಿನ ಬೋಲ್ಟನ್ನು ಹೊರಕ್ಕೆ ಎಳೆಯುವ ಬಲ 400 ನ್ಯೂಟನ್, ಎಂದರೆ 40 ಕಿಲೋಗ್ರಾಮಿನ ಮೂಟೆಯೊಂದನ್ನು ತೂಗುಹಾಕಿದಷ್ಟು. ಅಂತರವನ್ನು 20 ಸೆಂಟಿಮೀಟರು ಮಾಡಿದರೆ ಇದು ಅರ್ಧಕ್ಕೆ ಇಳಿಯುತ್ತದೆ. ಬೋಲ್ಟಿನ ದಪ್ಪವನ್ನು ಹೆಚ್ಚಿಸುವುದಕ್ಕಿಂತ ಅಂತರವನ್ನು ಹೆಚ್ಚಿಸುವುದು ಸುಲಭ. ಖರ್ಚಂತೂ ಏನೂ ಇಲ್ಲ.

ಇಷ್ಟಕ್ಕೇ ತೃಪ್ತಿಪಡಬಾರದು. ತೂಗಾಡುವ ದೋಣಿಯಲ್ಲಿ ಕಾಲು ಜಾರಿದ ಮನುಷ್ಯ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ. ಅದು ಉಪಕರಣವೋ ಊರೆಗೋಲೋ ಎಂದು ವಿಚಾರಿಸಲು ಅವನಿಗೆ ಸಮಯವಿರುವುದಿಲ್ಲ. 70 ಕಿಲೋಗ್ರಾಂ ತೂಕದವನು ತೋಳಿನ ತುದಿಗೆ ಜೋತುಬಿದ್ದರೆ ಮೇಲಿನ ಬೋಲ್ಟಿಗೆ, ಅಂತರ 20 ಸೆಂಟಿಮೀಟರು ಇದ್ದಾಗಲೂ, 1400 ನ್ಯೂಟನ್ ಸೆಳೆತ ಬರುತ್ತದೆ. ಮರದ ತಿರುಪುಮೊಳೆ ಇದನ್ನು ತಾಳಲಾರದು. ಬೋಲ್ಟು ಗೋಡೆಯನ್ನು ಹಾಯ್ದು ಹೋಗಿ, ಆಚೆ ಕಡೆಯಲ್ಲಿ ಅಂಗೈಯಗಲದ ಗಟ್ಟಿ ತಗಡಿಗೆ ಬಿಗಿಯಬೇಕು. ಅನೇಕ ದೋಣಿಗಳ ಗೋಡೆ ಎರಡು ಫೈಬರ್‌ಗ್ಲಾಸ್ ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರವನ್ನಿಟ್ಟು ಮಾಡಿದ್ದು. ಸುಮ್ಮನೆ ಕೊರೆದು ಬೋಲ್ಟು ಹಾಕಿದರೆ ಮರ ಹಿಸುಕಿಹೋಗುತ್ತದೆ. ನೀರು ಇಳಿದು ಒಳಗೊಳಗೇ ಕೊಳೆಯುತ್ತದೆ. ತೂತನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಸುತ್ತಲಿನ ಮರವನ್ನು ಕೆರೆದು ತೆಗೆದು, ಎಪಾಕ್ಸಿ ರಾಳವನ್ನು ತುಂಬಿ, ಅದು ಕಲ್ಲಾದ ಮೇಲೆ ಅದರ ನಡುವೆ ಮತ್ತೆ ಸರಿಯಾದ ತೂತನ್ನು ಕೊರೆಯುವುದು ಕ್ರಮ. ಎರಡು ದಿನದ ಕೆಲಸ. ಬಹುಮಂದಿ ತಪ್ಪಿಸಿಕೊಳ್ಳುವುದು ಇದೇ ಕೆಲಸದಿಂದ.

ಇನ್ನೊಂದು ಸಣ್ಣ ವಿಷಯ. ದೋಣಿ ನೆಟ್ಟಗಿರುವಾಗ ತೋಳು ಇಟ್ಟಲ್ಲಿ ನಿಲ್ಲುತ್ತದೆ. ಗಾಳಿಗೆ 25 ಡಿಗ್ರಿ ವಾಲಿದೊಡನೆ ಕೀಲಿನ ಅಚ್ಚೂ ವಾಲಿ, ತೋಳು ತಾನಾಗಿಯೇ ತಗ್ಗಿನ ಕಡೆಗೆ ಬೀಸುತ್ತದೆ. ಒಳಗೆ, ಹೊರಗೆ, ನಡುವೆ, ಎಲ್ಲಿ ನಿಲ್ಲಿಸಬೇಕೋ ಅಲ್ಲೆಲ್ಲ ಒಂದೊಂದು ಅಗುಳಿ ಬೇಕು.

ನಡುಗುವ ತೋಳು

ಸಣ್ಣ ಹಾಯಿದೋಣಿಯಲ್ಲಿಯೂ ಗಾಳಿಯಿಲ್ಲದ ವೇಳೆಗೆಂದು ಒಂದು ಡೀಸೆಲ್ ಎಂಜಿನ್ ಇರುತ್ತದೆ. ಅದು ನಿಮಿಷಕ್ಕೆ 1800 ಸುತ್ತು ತಿರುಗುವಾಗ ಸೆಕೆಂಡಿಗೆ 30 ಬಾರಿ ದೋಣಿಯನ್ನು ನಡುಗಿಸುತ್ತದೆ. ನಮ್ಮ ತೋಳಿಗೂ ಅದರದೇ ಆದ ಒಂದು ಸಹಜ ಆವರ್ತಾಂಕವುಂಟು. ಎರಡೂ ಒಂದಾದರೆ ಅನುರಣನ ಉಂಟಾಗಿ, ಪರದೆಯ ಮೇಲಿನ ಅಕ್ಷರಗಳು ಓದಲು ಬಾರದಂತೆ ಅದುರುತ್ತವೆ. ತಂತಿಯ ಬೆಸುಗೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ.

ಈ ಸಹಜ ಆವರ್ತಾಂಕವನ್ನು ಯಾವ ಯಂತ್ರವೂ ಇಲ್ಲದೆ ಅಳೆಯಬಹುದು. ಪರದೆಯ ಭಾರಕ್ಕೆ ತೋಳಿನ ತುದಿ ಎಷ್ಟು ಮಿಲಿಮೀಟರು ಬಗ್ಗುತ್ತದೆಯೋ ನೋಡಿ, ಅದರ ವರ್ಗಮೂಲದಿಂದ 16ನ್ನು ಭಾಗಿಸಿದರೆ ಬರುವುದೇ ಸೆಕೆಂಡಿಗೆ ಆಗುವ ಕಂಪನಗಳ ಸಂಖ್ಯೆ. ಒಂದು ಮಿಲಿಮೀಟರು ಬಗ್ಗಿದರೆ 16. ಕಾಲು ಮಿಲಿಮೀಟರಾದರೆ 32, ಎಂದರೆ ಎಂಜಿನ್ನಿನ ಬಾಯಿಗೆ ನೇರವಾಗಿ ಬಿದ್ದಂತೆ! ಹತ್ತನೆಯ ಒಂದು ಮಿಲಿಮೀಟರಾದರೆ ಸುಮಾರು 50. ಇಷ್ಟು ಸಣ್ಣ ಬಾಗುವಿಕೆಯನ್ನು ಅಳೆಯುವುದು ಹೇಗೆಂದು ಕೇಳಬಹುದು. ಹುಕ್ಕನ ನಿಯಮವನ್ನು ಜ್ಞಾಪಿಸಿಕೊಳ್ಳಿರಿ: 2 ಕಿಲೋಗ್ರಾಮಿಗೆ ಬದಲಾಗಿ 8 ಕಿಲೋಗ್ರಾಂ ತೂಗುಹಾಕಿ, ಬಂದ ಅಳತೆಯನ್ನು ನಾಲ್ಕರಿಂದ ಭಾಗಿಸಿದರಾಯಿತು.

ತೋಳನ್ನು ಬಿರುಸುಗೊಳಿಸುವುದಕ್ಕೆ ಹೆಚ್ಚು ಲೋಹ ಬೇಕಾಗಿಲ್ಲ. ಮರದ ಅಳತೆಪಟ್ಟಿಯೊಂದನ್ನು ಮೇಜಿನಂಚಿನಲ್ಲಿ ಅಂಗಾತ ಚಾಚಿ ತುದಿಯನ್ನು ಒತ್ತಿರಿ; ಬಗ್ಗುತ್ತದೆ. ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿರಿ, ಬಗ್ಗುವುದಿಲ್ಲ. ಬಲದ ದಿಕ್ಕಿನಲ್ಲಿ ಆಳ ಎರಡರಷ್ಟಾದರೆ ಬಿರುಸು ಎಂಟರಷ್ಟಾಗುತ್ತದೆ. ತೋಳಿನ ಹಲಗೆ ನಿಂತಿರಬೇಕೇ ಹೊರತು ಮಲಗಿರಬಾರದು.

ಹಾಗಾದರೆ ಹ್ಯಾರಿಸನ್ನನ ದಿಂಬಿನ ಗತಿಯೇನು? ಅದು ಎದುರು ದಾರಿ. ಅಲೆಯ ತೂಗಾಟಕ್ಕೆ ಒಂದೊಂದು ಸುತ್ತಿಗೂ ಹಲವು ಸೆಕೆಂಡುಗಳು ಬೇಕು. ಮೆತ್ತನೆಯ ಆಸರೆ ಅದನ್ನು ತಡೆಯುವುದಿಲ್ಲ, ತಡೆಯಬೇಕಾಗಿಯೂ ಇಲ್ಲ. ವೇಗವಾದ ಅದಿರುವಿಕೆಯನ್ನು ಮಾತ್ರ ಅದು ನುಂಗುತ್ತದೆ. ಬಿರುಸಾದ ತೋಳಿಗೂ ಪರದೆಗೂ ನಡುವೆ ದಪ್ಪ ರಬ್ಬರ್ ಬಿಲ್ಲೆಗಳನ್ನಿಟ್ಟರೆ ಎರಡು ದಾರಿಗಳ ಲಾಭವೂ ದೊರೆಯುತ್ತದೆ.

ದಿಕ್ಸೂಚಿಯ ನೆರೆಹೊರೆ

ಉಪಗ್ರಹಗಳ ಕಾಲದಲ್ಲಿಯೂ ಕಾಂತದ ದಿಕ್ಸೂಚಿಯನ್ನು ಯಾವ ನಾವಿಕನೂ ದೋಣಿಯಿಂದ ಇಳಿಸಿಲ್ಲ. ಅದಕ್ಕೆ ಬ್ಯಾಟರಿ ಬೇಡ. ಆದರೆ ಅದಕ್ಕೆ ನೆರೆಹೊರೆಯವರ ಕಾಟ ಹೆಚ್ಚು. 1801ರಿಂದ 1803ರವರೆಗೆ ಆಸ್ಟ್ರೇಲಿಯದ ಕರಾವಳಿಯನ್ನು ಅಳೆದ ಮ್ಯಾಥ್ಯೂ ಫ್ಲಿಂಡರ್ಸ್, ಹಡಗಿನ ಮೂತಿ ತಿರುಗಿದಂತೆಲ್ಲ ದಿಕ್ಸೂಚಿಯ ದೋಷವೂ ಬದಲಾಗುವುದನ್ನು ಗಮನಿಸಿ, ಅದಕ್ಕೆ ಹಡಗಿನಲ್ಲಿರುವ ಕಬ್ಬಿಣವೇ ಕಾರಣವೆಂದು ತೋರಿಸಿಕೊಟ್ಟನು. ಆ ದೋಷದ ಒಂದು ಭಾಗವನ್ನು ಸರಿಪಡಿಸಲು ದಿಕ್ಸೂಚಿಯ ಬಳಿ ನೆಟ್ಟಗೆ ನಿಲ್ಲಿಸುವ ಮೆದುಕಬ್ಬಿಣದ ಕೋಲಿಗೆ ಇಂದಿಗೂ ಅವನ ಹೆಸರಿದೆ.

ಫ್ಲಿಂಡರ್ಸನ ಹಡಗಿನಲ್ಲಿ ಫಿರಂಗಿಗಳಿದ್ದುವು. ನಮ್ಮ ದೋಣಿಯಲ್ಲಿ ಫಿರಂಗಿಯಿಲ್ಲ. ಆದರೆ ರೇಡಿಯೋವಿನ ಧ್ವನಿವರ್ಧಕದಲ್ಲಿ ಬಲವಾದ ಕಾಂತವಿದೆ, ಪರದೆಯ ಚೌಕಟ್ಟಿನಲ್ಲಿ ಉಕ್ಕಿನ ಮೊಳೆಗಳಿರಬಹುದು, ಜೊತೆಗೆ ವಿದ್ಯುತ್ ತಂತಿಗಳಿವೆ. ತಂತಿಯಲ್ಲಿ ವಿದ್ಯುತ್ತು ಹರಿದರೆ ಪಕ್ಕದ ಸೂಜಿ ತಿರುಗುವುದೆಂದು ಅಯರ್‌ಸ್ಟೆಡ್ 1820ರಲ್ಲಿ ಕಂಡದ್ದನ್ನು ಎಲ್ಲ ವಿದ್ಯಾರ್ಥಿಗಳೂ ಬಲ್ಲರು. ಅದು ಇಲ್ಲಿ ಎಷ್ಟರಮಟ್ಟಿಗೆ ಅನ್ವಯಿಸುತ್ತದೆಂದು ಲೆಕ್ಕಹಾಕೋಣ. ಪರದೆಗೂ ದೀಪಗಳಿಗೂ ಸೇರಿ 3 ಆಂಪೇರ್ ಒಯ್ಯುವ ಒಂಟಿ ತಂತಿ ದಿಕ್ಸೂಚಿಯಿಂದ 30 ಸೆಂಟಿಮೀಟರು ದೂರದಲ್ಲಿ ಹಾಯುತ್ತದೆ. ಹಿಂದಿರುಗುವ ತಂತಿ ಬೇರೆಲ್ಲಿಯೋ ದೂರದಲ್ಲಿದೆ. ಆ ದೂರದಲ್ಲಿ ತಂತಿಯ ಕಾಂತಕ್ಷೇತ್ರ 2 ಮೈಕ್ರೋಟೆಸ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಸೂಜಿಯನ್ನು ಉತ್ತರಕ್ಕೆ ಎಳೆಯುವ ಭೂಮಿಯ ಸಮತಲ ಕ್ಷೇತ್ರ ಸುಮಾರು 40 ಮೈಕ್ರೋಟೆಸ್ಲ. ಎರಡೂ ಲಂಬವಾಗಿದ್ದರೆ ಸೂಜಿ ಸುಮಾರು 3 ಡಿಗ್ರಿ ಓರೆಯಾಗುತ್ತದೆ. ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಭೂಮಿಯ ಈ ಸೆಳೆತ ನಮ್ಮಲ್ಲಿಯ ಅರ್ಧದಷ್ಟೇ ಆದುದರಿಂದ ಅಲ್ಲಿ ಅದೇ ತಂತಿ 6 ಡಿಗ್ರಿ ಕೆಡಿಸುತ್ತದೆ.

ಮೂರು ಡಿಗ್ರಿ ಎಷ್ಟು ಮಹಾ ಎನ್ನಬೇಡಿರಿ. ಅರುವತ್ತು ಮೈಲಿ ಹೋದರೆ ಡಿಗ್ರಿಗೆ ಒಂದು ಮೈಲಿ ತಪ್ಪು ಎಂಬುದು ನಾವಿಕರ ಬಾಯಿಲೆಕ್ಕ. ಗಂಟೆಗೆ 5 ನಾವಿಕ ಮೈಲಿ ಸಾಗುವ ದೋಣಿ ನಾಲ್ಕು ಗಂಟೆಗಳಲ್ಲಿ ಒಂದು ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಬಂದರಿನ ಬಾಯಿಗೂ ಅದರ ಪಕ್ಕದ ಬಂಡೆಗೂ ನಡುವೆ ಒಂದು ಮೈಲಿ ಅಂತರ ಅನೇಕ ಕಡೆ ಇರುವುದಿಲ್ಲ. ಇನ್ನೂ ಕೆಟ್ಟ ಮಾತೆಂದರೆ, ದೀಪ ಹೊತ್ತಿಸಿದಾಗಲೇ ಈ ದೋಷ ಪೂರ್ತಿಯಾಗಿ ಬರುವುದರಿಂದ ಹಗಲಿನ ಪರೀಕ್ಷೆಯಲ್ಲಿ ಅದು ತೋರುವುದೇ ಇಲ್ಲ.

ಪರಿಹಾರವೇನೋ ಸುಲಭ. ಹೋಗುವ ತಂತಿಯನ್ನೂ ಬರುವ ತಂತಿಯನ್ನೂ ಜಡೆಯಂತೆ ಹೊಸೆದುಬಿಟ್ಟರೆ ಒಂದರ ಕ್ಷೇತ್ರ ಇನ್ನೊಂದನ್ನು ಅಳಿಸುತ್ತದೆ. ದಿಕ್ಸೂಚಿಯಿಂದ ಎಷ್ಟು ದೂರ ಇಡಬೇಕೆಂಬುದನ್ನು ಉಪಕರಣದ ಕೈಪಿಡಿಯಲ್ಲಿ ಸಾಮಾನ್ಯವಾಗಿ ಕೊಟ್ಟಿರುತ್ತಾರೆ. ಆ ಪುಟವನ್ನು ಓದುವವರು ವಿರಳ. ಕೊನೆಗೆ ದೋಣಿಯನ್ನು ಕಟ್ಟಿಹಾಕಿ, ಕತ್ತಲೆಯಲ್ಲಿ ಎಲ್ಲ ದೀಪಗಳನ್ನೂ ಹೊತ್ತಿಸಿ, ಒಬ್ಬನು ತೋಳನ್ನು ಒಳಗೂ ಹೊರಗೂ ತಿರುಗಿಸುತ್ತಿರುವಾಗ ಇನ್ನೊಬ್ಬನು ದಿಕ್ಸೂಚಿಯನ್ನೇ ನೋಡುತ್ತಿರಬೇಕು. ಅದು ಅಲುಗಿದರೆ ತೋಳಿನ ಜಾಗ ಬದಲಾಗಬೇಕು.

ಉಪ್ಪು, ನೀರು, ಬಿಸಿಲು

ತೋಳಿಗೆ ಅಲ್ಯೂಮಿನಿಯಂ, ಬೋಲ್ಟಿಗೆ ತುಕ್ಕುಹಿಡಿಯದ ಉಕ್ಕು, ಇದು ಸಾಮಾನ್ಯ ಆಯ್ಕೆ. ಎರಡು ಬೇರೆ ಬೇರೆ ಲೋಹಗಳು, ನಡುವೆ ಉಪ್ಪುನೀರು: ವಿದ್ಯುತ್ಕೋಶವೊಂದು ಸಿದ್ಧವಾಯಿತು. ಸವೆಯುವುದು ಅಲ್ಯೂಮಿನಿಯಂ. ದೊಡ್ಡ ಅಲ್ಯೂಮಿನಿಯಂ ಫಲಕದಲ್ಲಿ ಸಣ್ಣ ಉಕ್ಕಿನ ಬೋಲ್ಟು ಇದ್ದರೆ ನಾಶ ನಿಧಾನ; ದೊಡ್ಡ ಉಕ್ಕಿನ ಫಲಕದಲ್ಲಿ ಸಣ್ಣ ಅಲ್ಯೂಮಿನಿಯಂ ಮೊಳೆ ಇದ್ದರೆ ಅದು ಬಹುಬೇಗ ಪುಡಿಯಾಗುತ್ತದೆ. ನೈಲಾನಿನ ವಾಷರನ್ನೂ ಕೊಳವೆಯನ್ನೂ ಹಾಕಿ ಲೋಹಗಳನ್ನು ಬೇರ್ಪಡಿಸುವುದು ಉತ್ತಮ. ತೇಗದ ಮರದಿಂದ ಮಾಡಿದ ತೋಳಿಗೆ ಈ ತಂಟೆಯೇ ಇಲ್ಲ. ನನ್ನ ಮತ ತೇಗಕ್ಕೇ.

ಪರದೆಯ ಬೆನ್ನನ್ನು ಪೆಟ್ಟಿಗೆಯಲ್ಲಿ ಮುಚ್ಚಿ ನೀರು ಹೊಗದಂತೆ ಮುದ್ರೆಹಾಕುವ ಆಸೆ ಎಲ್ಲರಿಗೂ ಆಗುತ್ತದೆ. ಬಿಸಿಲಿನಲ್ಲಿ 60 ಡಿಗ್ರಿಗೆ ಕಾದ ಪೆಟ್ಟಿಗೆಯ ಮೇಲೆ 25 ಡಿಗ್ರಿಯ ಅಲೆ ಬಡಿಯಿತೆನ್ನಿ. ಒಳಗಿನ ಗಾಳಿ ತಣ್ಣಗಾದಂತೆ ಅದರ ಒತ್ತಡ ಹತ್ತನೆಯ ಒಂದು ಭಾಗ ಇಳಿಯುತ್ತದೆ. ಎಂದರೆ ಪೆಟ್ಟಿಗೆಯನ್ನು ಒಂದು ಮೀಟರು ಆಳದ ನೀರಿನಲ್ಲಿ ಮುಳುಗಿಸಿದಂತಾಯಿತು! ಮುದ್ರೆಯಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ಪೆಟ್ಟಿಗೆ ತಾನೇ ನೀರನ್ನು ಹೀರಿಕೊಳ್ಳುತ್ತದೆ. ಹೀರಿದ್ದನ್ನು ಹೊರಗೆ ಬಿಡುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಒಂದು ತೂತು ಕೊರೆದುಬಿಡುವುದೇ ಲೇಸು. ತಂತಿಯೂ ಒಳಗೆ ಹೊಗುವ ಮುನ್ನ ಒಮ್ಮೆ ಕೆಳಕ್ಕೆ ಜೋತು ಮೇಲೇರಲಿ. ಅದರುದ್ದಕ್ಕೆ ಹರಿದುಬಂದ ನೀರು ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ.

ಕೈಗೆ ಎಟುಕುವಷ್ಟು ದೂರ

2018ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಭಾರತೀಯ ನೌಕಾಪಡೆಯ ಅಭಿಲಾಷ್ ಟೋಮಿಯವರು ‘ತುರಿಯ’ ಎಂಬ ಸಣ್ಣ ಹಾಯಿದೋಣಿಯಲ್ಲಿ ಏಕಾಂಗಿಯಾಗಿ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿದ್ದರು. ಈ ಪಂದ್ಯದಲ್ಲಿ ದಾರಿ ಕಾಣಲು ಉಪಗ್ರಹಗಳ ನೆರವನ್ನು ಪಡೆಯುವಂತಿಲ್ಲ. ಕಾಗದದ ನಕಾಶೆ, ದಿಕ್ಸೂಚಿ, ನಕ್ಷತ್ರಗಳು ಇವಿಷ್ಟೇ. ಆದರೆ ಅಪಾಯದ ಸಂದೇಶವನ್ನು ಕಳುಹಿಸುವ ಸಾಧನಗಳು ದೋಣಿಯಲ್ಲಿರಲೇಬೇಕು. ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಬಿರುಗಾಳಿಗೆ ಸಿಕ್ಕಿ ದೋಣಿ ಮಗುಚಿ ಎದ್ದಿತು, ಕೂವೆಮರ ಮುರಿಯಿತು, ಟೋಮಿಯವರ ಬೆನ್ನೆಲುಬಿಗೆ ತೀವ್ರವಾದ ಪೆಟ್ಟುಬಿತ್ತು. ಏಳಲಾರದೆ ಮಲಗಿದ್ದಲ್ಲಿಂದಲೇ ಅವರು ಉಪಗ್ರಹದ ಮೂಲಕ ಸಣ್ಣ ಸಣ್ಣ ಸಂದೇಶಗಳನ್ನು ಕಳುಹಿಸಿದರು. ತುರ್ತುಚೀಲವನ್ನು ತಲುಪುವುದು ಕಷ್ಟವಾಗಿದೆ ಎಂಬುದೂ ಆ ಸಂದೇಶಗಳಲ್ಲಿ ಒಂದಾಗಿತ್ತು. ಚೀಲವಿದ್ದುದು ಅದೇ ದೋಣಿಯಲ್ಲಿ. ಸೆಪ್ಟೆಂಬರ್ 24ರಂದು ಫ್ರಾನ್ಸಿನ ‘ಒಸಿರಿಸ್’ ಎಂಬ ಹಡಗು ಅವರನ್ನು ಪಾರುಮಾಡಿತು. ಗುಣಮುಖರಾದ ಮೇಲೆ 2022–23ರಲ್ಲಿ ಅವರು ಅದೇ ಪಂದ್ಯಕ್ಕೆ ಹಿಂದಿರುಗಿ ಎರಡನೆಯ ಸ್ಥಾನವನ್ನು ಗಳಿಸಿದರು.

ತೋಳಿನ ಕೆಲಸವೆಲ್ಲ ಮುಗಿದು ಕೊನೆಯ ಬೋಲ್ಟನ್ನು ಬಿಗಿದ ದಿನ ಮಾಡಬೇಕಾದ ಪರೀಕ್ಷೆಯೊಂದು ಇನ್ನೂ ಉಳಿದಿದೆ. ದೋಣಿಯ ಒಳಗೆ ನೆಲದ ಮೇಲೆ ಅಂಗಾತ ಮಲಗಿರಿ. ಒಂದು ಕೈಯನ್ನು ಮೈಗೆ ಕಟ್ಟಿಕೊಳ್ಳಿರಿ. ದೀಪ ಆರಿಸಿರಿ. ರೇಡಿಯೋವಿನ ಅಪಾಯಸೂಚಕ ಕೆಂಪು ಗುಂಡಿಯನ್ನು ಇನ್ನೊಂದು ಕೈ ಮುಟ್ಟುತ್ತದೆಯೇ ನೋಡಿರಿ. ಮುಟ್ಟದಿದ್ದರೆ ಬೋಲ್ಟುಗಳನ್ನು ಬಿಚ್ಚಿ, ರೇಡಿಯೋವನ್ನು ಒಂದು ಗೇಣು ಕೆಳಕ್ಕೆ ತಂದು, ಹೊಸ ತೂತುಗಳನ್ನು ಕೊರೆಯಬೇಕು.